ವುಡ್‌ಫ್ರೀ ಪೇಪರಿನಲ್ಲಿ ಮರ ಇರುತ್ತದೆ

ನೋಟ್‌ಬುಕ್ಕಿನ ಹಿಂಬದಿಯಲ್ಲಿ ‘ವುಡ್‌ಫ್ರೀ ಪೇಪರ್’ ಎಂಬ ಸಾಲು, ಪಕ್ಕದಲ್ಲೇ ಒಂದು ಹಸಿರು ಎಲೆ. ನೋಡಿದವರು ಮರ ಕಡಿಯದೆ ಮಾಡಿದ ಕಾಗದ ಎಂದುಕೊಳ್ಳುತ್ತಾರೆ. ಕೊಂಡವರು ಫೋಟೊ ಹಾಕಿ ‘ಒಂದು ಮರ ಉಳಿಸಿದೆ’ ಎನ್ನುತ್ತಾರೆ. ಹೋಗಲಿ ಬಿಡಿ ಎಂದುಕೊಂಡಿದ್ದೆ. ಆದರೆ ಇತ್ತೀಚೆಗೆ ಪರಿಸರದ ಬಗ್ಗೆಯೇ ಬರೆದ ಲೇಖನವೊಂದು ಈ ಪದವನ್ನು ಇದೇ ಅರ್ಥದಲ್ಲಿ ಬಳಸಿತ್ತು. ಇನ್ನು ಸುಮ್ನೆ ಇರೋದು ಕಷ್ಟ.

ವುಡ್‌ಫ್ರೀ ಕಾಗದವನ್ನು ಬಹುಪಾಲು ಮರದಿಂದಲೇ ಮಾಡುತ್ತಾರೆ. ಪ್ರಿಂಟರಿಗೆ ಹಾಕುವ ಬಿಳಿ ಎ4 ಹಾಳೆ ಸಾಮಾನ್ಯವಾಗಿ ಈ ಜಾತಿಯದೇ. ಇನ್ನೂ ತಮಾಷೆ ಏನೆಂದರೆ, ಮರವನ್ನು ಅರೆದು ಮಾಡುವ ಪಲ್ಪಿಗಿಂತ (ಪಲ್ಪ್ ಎಂದರೆ ಕಾಗದ ಮಾಡುವ ನಾರಿನ ಮುದ್ದೆ) ಈ ಕಾಗದದ ಪಲ್ಪಿಗೆ ಹೆಚ್ಚುಕಡಿಮೆ ಎರಡರಷ್ಟು ಮರ ಬೇಕು.

ಹಾಗಾದರೆ ಇಲ್ಲದಿರುವ ‘ವುಡ್’ ಯಾವುದು? ಹತ್ತೊಂಬತ್ತನೇ ಶತಮಾನದ ನಡುಭಾಗದವರೆಗೆ ಯುರೋಪಿನಲ್ಲಿ ಕಾಗದ ಎಂದರೆ ಹಳೇ ಬಟ್ಟೆ. ಹತ್ತಿ, ಲಿನನ್ ಚಿಂದಿಗಳನ್ನು ಕೊಳೆಸಿ, ಕುಟ್ಟಿ ಮಾಡುತ್ತಿದ್ದರು. ಓದುವವರು ಜಾಸ್ತಿಯಾದರು, ಚಿಂದಿ ಸಾಲದಾಯಿತು. 1840ರ ದಶಕದಲ್ಲಿ ಜರ್ಮನಿಯ ಸ್ಯಾಕ್ಸನಿಯ ಫ್ರೀಡ್ರಿಶ್ ಗಾಟ್ಲಾಬ್ ಕೆಲ್ಲರ್ ಮರದ ತುಂಡನ್ನು ತಿರುಗುವ ಸಾಣೆಕಲ್ಲಿಗೆ ಒತ್ತಿ, ನೀರು ಹಾಕಿ ಅರೆದು ಪಲ್ಪ್ ತೆಗೆದ. ಅದೇ ಹೊತ್ತಿಗೆ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಚಾರ್ಲ್ಸ್ ಫೆನರ್ಟಿಯೂ ಮರದ ಪಲ್ಪಿನಿಂದ ಕಾಗದ ಮಾಡಿ ತೋರಿಸಿದ. ಹೀಗೆ ಅರೆದ ಪಲ್ಪಿಗೆ ಜರ್ಮನ್‌ನಲ್ಲಿ ‘ಹೋಲ್ಟ್ಸ್‌ಶ್ಲಿಫ್’ ಎಂಬ ಹೆಸರು. ಹೋಲ್ಟ್ಸ್ ಎಂದರೆ ಮರ. ಈ ಅರೆದ ಪಲ್ಪ್ ಬೆರೆಸದ ಕಾಗದ ‘ಹೋಲ್ಟ್ಸ್‌ಫ್ರೈ’. ಇಂಗ್ಲಿಷಿನ ವುಡ್‌ಫ್ರೀ ಇದರದೇ ಜೋಡಿ. ಅಂದರೆ ಇಲ್ಲಿ ‘ವುಡ್’ ಕಾಡಿನಲ್ಲಿ ನಿಂತ ಮರವಲ್ಲ, ಅರೆದ ಮರದ ಪಲ್ಪ್. ಅಮೆರಿಕದವರು ಇನ್ನೂ ಚುಟುಕಾಗಿಸಿ ‘ಫ್ರೀಶೀಟ್’ ಎನ್ನುತ್ತಾರೆ. ಯಾವುದರಿಂದ ಫ್ರೀ ಎಂಬುದನ್ನೇ ಕೈಬಿಟ್ಟಿದ್ದಾರೆ. ಒಂದು ಲೆಕ್ಕಕ್ಕೆ ಅದೇ ವಾಸಿ, ಯಾರೂ ಅದರ ಪಕ್ಕ ಎಲೆ ಬರೆಯುವುದಿಲ್ಲ.

ಅರೆದ ಪಲ್ಪಿಗೂ, ವುಡ್‌ಫ್ರೀ ಕಾಗದಕ್ಕೆ ಬಳಸುವ, ರಾಸಾಯನಿಕದಲ್ಲಿ ಬೇಯಿಸಿದ ಕೆಮಿಕಲ್ ಪಲ್ಪಿಗೂ ಇರುವ ವ್ಯತ್ಯಾಸವೆಲ್ಲ ಲಿಗ್ನಿನ್‌ನದು. ಮರದಲ್ಲಿ ಸೆಲ್ಯುಲೋಸಿನ ನಾರುಗಳನ್ನು ಒಂದಕ್ಕೊಂದು ಕಚ್ಚಿಸಿ ಹಿಡಿಯುವ ಅಂಟು ಅದು. ಮರದ ಒಣ ತೂಕದಲ್ಲಿ ಸುಮಾರು 20ರಿಂದ 30 ಶೇಕಡಾ ಅದೇ ಇರುತ್ತದೆ. ಮರವನ್ನು ಅರೆದಾಗ ನಾರು ಬಿಡಿಯಾಗುತ್ತದೆ, ಆದರೆ ಲಿಗ್ನಿನ್ ನಾರಿನ ಜೊತೆಗೇ ಉಳಿಯುತ್ತದೆ. ಹಾಗಾಗಿ ಮರದ ತೂಕದ 90 ಶೇಕಡಾಕ್ಕಿಂತ ಹೆಚ್ಚು ಭಾಗ ಪಲ್ಪಾಗಿ ಸಿಗುತ್ತದೆ. ಕೆಮಿಕಲ್ ಪಲ್ಪಿನ ದಾರಿ ಬೇರೆ. ಕ್ರಾಫ್ಟ್ ವಿಧಾನದಲ್ಲಿ ಮರದ ಚೂರುಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ, ಒತ್ತಡದಲ್ಲಿ, 160-170 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸುತ್ತಾರೆ. ಲಿಗ್ನಿನ್ ಕರಗಿ ಹೊರಬರುತ್ತದೆ. ಜೊತೆಗೆ ಮರದ ಇನ್ನೊಂದು ಘಟಕವಾದ ಹೆಮಿಸೆಲ್ಯುಲೋಸಿನ ಒಂದಷ್ಟು ಭಾಗವೂ ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು ಮರದ ತೂಕದ ಅರ್ಧದಷ್ಟು ನಾರು ಮಾತ್ರ. ಎರಡರಷ್ಟು ಮರ ಎಂದದ್ದು ಇದಕ್ಕೇ. ಉಳಿದರ್ಧವನ್ನು ಚೆಲ್ಲುತ್ತಾರೆ ಎಂದಲ್ಲ. ಲಿಗ್ನಿನ್ ಕರಗಿರುವ ಆ ಕಪ್ಪು ದ್ರವವನ್ನು ಗಟ್ಟಿ ಮಾಡಿ ಬಾಯ್ಲರಿನಲ್ಲಿ ಉರಿಸಿ ಕಾರ್ಖಾನೆಗೆ ಬೇಕಾದ ಹಬೆ, ಕರೆಂಟು ಪಡೆಯುತ್ತಾರೆ. ಅರೆಯುವ ಕಾರ್ಖಾನೆಗೆ ಈ ಸೌಲಭ್ಯ ಇಲ್ಲ, ಅದು ಕರೆಂಟನ್ನು ಧಾರಾಳವಾಗಿ ನುಂಗುತ್ತದೆ. ಆದ್ದರಿಂದ ಯಾವುದು ಪರಿಸರಕ್ಕೆ ಒಳ್ಳೆಯದು ಎಂಬ ಪ್ರಶ್ನೆಗೆ ಈ ಒಂದು ಪದದಲ್ಲಿ ಉತ್ತರ ಹುಡುಕಬೇಡಿ.

ವುಡ್‌ಫ್ರೀ ಎಂದಾಕ್ಷಣ ಅರೆದ ಪಲ್ಪ್ ಪೂರ್ತಿ ಸೊನ್ನೆ ಎಂದೂ ಅಲ್ಲ. ವ್ಯಾಪಾರದ ಲೆಕ್ಕದಲ್ಲಿ ನಾರಿನ 10 ಶೇಕಡಾದವರೆಗೆ ಇರಬಹುದು. ಜರ್ಮನ್ ಮಾನದಂಡ ಬಿಗಿ, ಅದರ ಮಿತಿ 5 ಶೇಕಡಾ.

ಅರೆದ ಪಲ್ಪ್ ಕೀಳು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಅದರ ನಾರು ಗಡಸು, ನಡುವೆ ನುಣುಪಾದ ಪುಡಿಯೂ ಬೇಕಾದಷ್ಟು. ಹಾಳೆ ಹಗುರವಾಗಿದ್ದರೂ ಹಿಂದಿನ ಪುಟದ ಅಕ್ಷರ ಈಚೆ ಕಾಣುವುದಿಲ್ಲ. ಪತ್ರಿಕೆಗೆ ಬೇಕಾದ್ದು ಅದೇ ಅಲ್ವಾ? ಆದರೆ ಬಿಸಿಲಿಗಿಟ್ಟರೆ ಲಿಗ್ನಿನ್ ಬಣ್ಣ ಬದಲಿಸುತ್ತದೆ, ಪತ್ರಿಕೆ ಹಳದಿಯಾಗುತ್ತದೆ. ವುಡ್‌ಫ್ರೀ ಕಾಗದಕ್ಕೆ ಹೆಚ್ಚು ಬೆಲೆ ಸಿಗುವುದಕ್ಕೆ ಒಂದು ಕಾರಣ, ಅದು ಬೇಗ ಹೀಗೆ ಹಳದಿಯಾಗದಿರುವುದು.

ಇಲ್ಲಿಂದ ಇನ್ನೊಂದು ಗೊಂದಲ ಹುಟ್ಟುತ್ತದೆ: ವುಡ್‌ಫ್ರೀ ಆದರೆ ನೂರು ವರ್ಷ ಬಾಳುತ್ತದೆ ಎಂಬ ನಂಬಿಕೆ. ಬಾಳಲೇಬೇಕು ಎಂದೇನಿಲ್ಲ. ಶಾಯಿ ಹರಡದಿರಲಿ ಎಂದು ಕಾಗದಕ್ಕೆ ರಾಳ ಮತ್ತು ಆಲಮ್ (ಪಟಿಕ) ಸೇರಿಸುವ ಪದ್ಧತಿಯನ್ನು 1807ರಲ್ಲಿ ಮೋರಿಟ್ಸ್ ಫ್ರೀಡ್ರಿಶ್ ಇಲ್ಲಿಗ್ ಪ್ರಕಟಿಸಿದ. ಆ ಆಲಮ್‌ನಿಂದ ಕಾಗದ ಆಮ್ಲೀಯವಾಗುತ್ತದೆ. ಆಮ್ಲ ಸೆಲ್ಯುಲೋಸಿನ ಉದ್ದ ಸರಪಳಿಗಳನ್ನು ನಿಧಾನವಾಗಿ ಕತ್ತರಿಸುತ್ತದೆ. ಲಿಗ್ನಿನ್ ಇಲ್ಲದಿದ್ದರೂ ಹಾಳೆ ಒಂದು ದಿನ ಪುಡಿಪುಡಿ. ವುಡ್‌ಫ್ರೀ ಬೇರೆ, ಆಸಿಡ್‌ಫ್ರೀ ಬೇರೆ. ದಾಖಲೆಗಳನ್ನು ಬಹುಕಾಲ ಇಡುವ ಕಾಗದಕ್ಕೆ ಐಎಸ್‌ಒ 9706 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದು ಲಿಗ್ನಿನ್‌ಗೂ ಮಿತಿ ಹಾಕುತ್ತದೆ, ಕಾಗದದಲ್ಲಿ ಆಮ್ಲವನ್ನು ತಣಿಸುವ ಕ್ಷಾರದ ಉಳಿಕೆ ಇರಬೇಕೆಂದೂ ಕೇಳುತ್ತದೆ.

ಒಂದು ಹಾಳೆ ಯಾವ ಕಡೆಯದು ಎಂದು ನೋಡಲು ಪ್ರಯೋಗಾಲಯದಲ್ಲಿ ಹಳೆಯ ಉಪಾಯವೊಂದಿದೆ. ಫ್ಲೋರೋಗ್ಲುಸಿನಾಲ್ ಎಂಬ ವಸ್ತುವನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಒಂದು ಹನಿ ಬಿಡುತ್ತಾರೆ. ಅರೆದ ಪಲ್ಪ್ ಇದ್ದರೆ ಆ ಜಾಗ ಕಡುಗೆಂಪಾಗುತ್ತದೆ. ಪತ್ರಿಕೆಯಲ್ಲಿ ಢಾಳಾಗಿ ಕಾಣುತ್ತದೆ, ಒಳ್ಳೆಯ ಎ4 ಹಾಳೆಯಲ್ಲಿ ಏನೂ ಆಗುವುದಿಲ್ಲ. ಆದರೆ ಆ ನಾರು ಮರದಿಂದ ಬಂತೋ ಹತ್ತಿಯಿಂದಲೋ ಎಂದು ಈ ಹನಿ ಹೇಳುವುದಿಲ್ಲ. ಅದಕ್ಕೆ ಸೂಕ್ಷ್ಮದರ್ಶಕದಲ್ಲಿ ನಾರಿನ ಆಕಾರವನ್ನೇ ನೋಡಬೇಕು.

ನಿಜವಾಗಿ ಮರ ಬಳಸದ ಕಾಗದ ಬೇಕಿದ್ದರೆ ಹುಡುಕಬೇಕಾದ ಪದ ‘ಟ್ರೀ-ಫ್ರೀ’. ಕಬ್ಬಿನ ಸಿಪ್ಪೆ, ಗೋಧಿಹುಲ್ಲು, ಸೆಣಬು, ಹತ್ತಿಯಿಂದ ಮಾಡಿದ ಕಾಗದ ಈ ಗುಂಪಿನದು. ಬಿದಿರನ್ನೂ ಇದಕ್ಕೇ ಸೇರಿಸುತ್ತಾರೆ, ಅದು ಹುಲ್ಲಿನ ಜಾತಿ ತಾನೇ. ಇವುಗಳ ಕೆಮಿಕಲ್ ಪಲ್ಪಿನಿಂದ ಮಾಡಿದ ಹಾಳೆ ಟ್ರೀ-ಫ್ರೀಯೂ ಹೌದು, ವುಡ್‌ಫ್ರೀಯೂ ಹೌದು. ಎಲೆಯ ಚಿತ್ರ ಹಾಕಲೇಬೇಕಿದ್ದರೆ ಅಲ್ಲಿ ಹಾಕಲಿ.