ಹಿಟ್ಟಿನ ಗಿರಣಿಯ ಬೆಲ್ಟೂ ಬ್ಯಾಂಡ್‌ಸಾ ಬ್ಲೇಡೂ

ಬ್ಯಾಂಡ್‌ಸಾ ಅಂದರೆ ಹಲ್ಲಿರುವ ಉಕ್ಕಿನ ಪಟ್ಟಿಯನ್ನು ಮೇಲೊಂದು ಕೆಳಗೊಂದು ಚಕ್ರಕ್ಕೆ ಸುತ್ತಿ ಓಡಿಸಿ ಮರ ಕೊಯ್ಯುವ ಯಂತ್ರ. ಅದರ ಹೊಸ ಬ್ಲೇಡು ಮನೆಗೆ ಬರುವಾಗ ಬಹಳ ಸಾಧುವಾಗಿ ಕಾಣುತ್ತದೆ. ಮೂರು ಸುತ್ತು ಮಡಚಿ, ತಂತಿ ಬಿಗಿದು, ಊಟದ ತಟ್ಟೆಯಷ್ಟು ಅಗಲಕ್ಕೆ ಇಳಿಸಿರುತ್ತಾರೆ. ತಂತಿ ಕತ್ತರಿಸಿದ ಮರುಕ್ಷಣ ಅದರ ನಿಜರೂಪ ಗೊತ್ತಾಗುವುದು. ಮಡಚುವಾಗ ಯಾರೋ ಹಾಕಿದ್ದ ಶಕ್ತಿಯನ್ನೆಲ್ಲ ಉಕ್ಕು ಒಳಗೇ ಇಟ್ಟುಕೊಂಡಿರುತ್ತದೆ. ಬಿಟ್ಟರೆ ಎಂಟಡಿ ಸುತ್ತಳತೆಯ ಹಲ್ಲಿನ ಪಟ್ಟಿ ಟಣ್ಣನೆ ಬಿಚ್ಚಿಕೊಂಡು ಎದುರಿಗಿದ್ದವರ ಮುಖಕ್ಕೇ ಹಾರುತ್ತದೆ. ಹಾಗಾಗಿ ನಾನು ಅದನ್ನು ಬಿಚ್ಚುವುದು ಅಂಗಳದಲ್ಲಿ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸು, ತೋಳು ಪೂರ್ತಿ ಚಾಚಿ, ಮುಖ ಆಚೆ ತಿರುಗಿಸಿ. ನೋಡಿದವರಿಗೆ ಪಟಾಕಿ ಹಚ್ಚುತ್ತಿದ್ದೇನೆ ಅನ್ನಿಸಬೇಕು.

ಮೊದಲ ಸಲ ಬಿಚ್ಚಿದಾಗ ಇನ್ನೊಂದು ತಮಾಷೆ ಆಯಿತು. ಬ್ಲೇಡನ್ನು ಚಕ್ರಗಳ ಮೇಲೆ ಹಾಕಿ ನೋಡಿದರೆ ಹಲ್ಲುಗಳೆಲ್ಲ ಮೇಲ್ಮುಖ! ಮೇಜಿನ ಹತ್ತಿರ ಬ್ಲೇಡು ಕೆಳಗಿಳಿಯುತ್ತದೆ, ಹಲ್ಲೂ ಕೆಳಕ್ಕೇ ನೋಡಬೇಕು. ತಲೆಕೆಳಗು ಮಾಡಿದೆ, ಹಲ್ಲು ಕೆಳಕ್ಕೆ ಬಂತು, ಆದರೆ ನನ್ನ ಕಡೆ ಇರಬೇಕಾದ್ದು ಹಿಂದಕ್ಕೆ ಹೋಯಿತು. ತಪ್ಪು ಮಾಲು ಕಳಿಸಿದ್ದಾರೆಂದು ಅಂಗಡಿಗೆ ಫೋನು ಮಾಡಿ ದಬಾಯಿಸಿದೆ. ಆ ಕಡೆಯವರು ಸಾವಧಾನವಾಗಿ, "ಒಳಗಿನ ಮೈ ಹೊರಗೆ ಮಾಡಿ ಸಾರ್, ಬನಿಯನ್ ತಿರುಗಿಸಿದ ಹಾಗೆ" ಅಂದರು. ತಿರುಗಿಸಿದೆ, ಸರಿಹೋಯಿತು. ಭೌತಶಾಸ್ತ್ರ ಓದಿದ್ದಕ್ಕೆ ಆವತ್ತು ಸ್ವಲ್ಪ ನಾಚಿಕೆಯಾಯಿತು.

ತುದಿಮೊದಲಿಲ್ಲದ ಈ ಪಟ್ಟಿಯನ್ನು ಎರಡು ಚಕ್ರಗಳಿಗೆ ಸುತ್ತಿ ಓಡಿಸುವ ಯೋಚನೆ ಹಳೆಯದು. ಲಂಡನ್ನಿನ ವಿಲಿಯಂ ನ್ಯೂಬೆರಿ 1808ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದ. ಆದರೆ ಮುಂದಿನ ಸುಮಾರು ನಲವತ್ತು ವರ್ಷ ಯಂತ್ರ ಹೆಚ್ಚುಕಡಿಮೆ ಕಾಗದದ ಮೇಲೇ ಉಳಿಯಿತು. ತೊಡಕು ಇದ್ದದ್ದು ಚಕ್ರದಲ್ಲಲ್ಲ, ಪಟ್ಟಿಯ ಎರಡು ತುದಿ ಸೇರುವ ಬೆಸುಗೆಯಲ್ಲಿ. ಸ್ವಲ್ಪ ಹೊತ್ತು ಓಡಿದರೆ ಬೆಸುಗೆ ಕಿತ್ತುಬರುತ್ತಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೋಲಾನ್ ಕ್ರೆಪಾನ್ ಎಂಬಾಕೆ ತಾಳಿಕೆಯ ಬೆಸುಗೆಯೊಂದನ್ನು ಕಂಡುಕೊಂಡರು. ಪ್ಯಾರಿಸ್ಸಿನ ಪೆರಾನ್ ಕಂಪನಿ ಅದನ್ನು ಬಳಸುವ ಹಕ್ಕನ್ನು ಕೊಂಡು, ಒಳ್ಳೆಯ ಉಕ್ಕನ್ನೂ ಉಕ್ಕನ್ನು ಕಾಯಿಸಿ ಹದಗೊಳಿಸುವ ವಿಧಾನವನ್ನೂ ಅದಕ್ಕೆ ಜೋಡಿಸಿತು. ನಮ್ಮ ಸಾಮಿಲ್ಲುಗಳ ಬ್ಯಾಂಡ್‌ಸಾಗಳಿಂದ ಹಿಡಿದು ನನ್ನ ಕೊಟ್ಟಿಗೆಯ ಪುಟ್ಟ ಮೆಶಿನ್ನಿನವರೆಗೆ ಎಲ್ಲವೂ ಆ ಬೆಸುಗೆಯ ಸಂತಾನ.

ಬೆಸುಗೆ ಯಾಕೆ ಅಷ್ಟು ಸೋಲುತ್ತಿತ್ತು ಎಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನನ್ನದು 14 ಇಂಚು ಚಕ್ರದ ಯಂತ್ರ, ಬ್ಲೇಡಿನ ಸುತ್ತಳತೆ ಸುಮಾರು 2.37 ಮೀಟರು. ವೇಗ ಸೆಕೆಂಡಿಗೆ 15 ಮೀಟರು, ಅಂದರೆ ಹೆದ್ದಾರಿಯ ಬಸ್ಸಿನ ಹಾಗೆ ಗಂಟೆಗೆ 54 ಕಿಲೊಮೀಟರು. ಬ್ಲೇಡಿನ ಪ್ರತಿಯೊಂದು ಬಿಂದುವೂ ಸೆಕೆಂಡಿಗೆ ಆರು ಸಲ ಸುತ್ತು ಬರುತ್ತದೆ, ಪ್ರತಿ ಸುತ್ತಿಗೆ ಎರಡು ಸಲ ಬಗ್ಗಿ ನೆಟ್ಟಗಾಗುತ್ತದೆ. ಗಂಟೆಗೆ ನಲವತ್ತೈದು ಸಾವಿರ ಸಲ. ಒಂದು ದಿನ ಪೂರ್ತಿ ಓಡುವ ಮೊದಲೇ ಹತ್ತು ಲಕ್ಷ ದಾಟುತ್ತದೆ. ತಂತಿ ತುಂಡು ಮಾಡಲು ಕಟಿಂಗ್ ಪ್ಲೇಯರ್ ಸಿಗದಿದ್ದರೆ ನಾವು ಅದನ್ನು ಹಿಂದೆ ಮುಂದೆ ಬಗ್ಗಿಸುತ್ತೇವಲ್ಲ, ಬ್ಲೇಡಿಗೆ ಆಗುವುದೂ ಅದರ ಸೌಮ್ಯ ರೂಪವೇ. ಮೊಂಡಾಗಿ ಎಸೆಯುವ ಬ್ಲೇಡುಗಳ ಜೊತೆಗೆ ದಣಿದು ತುಂಡಾಗುವ ಬ್ಲೇಡುಗಳೂ ಉಂಟು. ಓಡುತ್ತಿರುವಾಗ ಟಿಕ್, ಟಿಕ್, ಟಿಕ್ ಎಂದು ತಾಳ ಹಾಕಿದ ಹಾಗೆ ಸದ್ದು ಬಂದರೆ ಎಲ್ಲೋ ಬಿರುಕು ಬಿಟ್ಟಿದೆ, ಇಲ್ಲವೇ ಬೆಸುಗೆ ಎದ್ದಿದೆ ಎಂದು ಅನುಮಾನಿಸಬೇಕು. ಆಗ ಸ್ವಿಚ್ಚು ಆರಿಸಿ, ಚಕ್ರ ಪೂರ್ತಿ ನಿಂತ ಮೇಲಷ್ಟೇ ಬಾಗಿಲು ತೆರೆಯುವುದು. ಬ್ಲೇಡು ತುಂಡಾದರೂ ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ.

ಇಷ್ಟು ವೇಗದಲ್ಲಿ ಓಡುವ ಪಟ್ಟಿ ಅಂಚಿಲ್ಲದ ಚಕ್ರದಿಂದ ಜಾರಿ ಬೀಳುವುದಿಲ್ಲ ಯಾಕೆ? ಉತ್ತರ ನಮ್ಮೂರಿನ ಹಿಟ್ಟಿನ ಗಿರಣಿಯಲ್ಲಿತ್ತು. ಗೋಧಿ ಬೀಸಿಸಲು ಹೋದ ಹುಡುಗ ಮೋಟರಿನಿಂದ ಕಲ್ಲಿಗೆ ಹೋಗುವ ಅಗಲ ಬೆಲ್ಟನ್ನೇ ನೋಡುತ್ತ ನಿಲ್ಲುತ್ತಿದ್ದೆ. ಪಟಪಟ ಬಡಿದುಕೊಳ್ಳುತ್ತ, ಈಗ ಬಿತ್ತು ಆಗ ಬಿತ್ತು ಅನ್ನಿಸುತ್ತಿತ್ತು, ಬೀಳುತ್ತಿರಲಿಲ್ಲ. ಆ ಪುಲ್ಲಿಯ ನಡು ಭಾಗ ಅಂಚಿಗಿಂತ ಒಂದಿಷ್ಟೇ ಉಬ್ಬಾಗಿರುತ್ತದೆ. ಉಬ್ಬಿದ ಜಾಗದಿಂದ ಬೆಲ್ಟು ಜಾರಬೇಕು ಎಂದು ಮನಸ್ಸು ಹೇಳುತ್ತದೆ, ಆಗುವುದು ತದ್ವಿರುದ್ಧ. ಇಳಿಜಾರಿನ ಮೇಲೆ ಕುಳಿತ ಪಟ್ಟಿ ಆ ಇಳಿಜಾರಿಗೆ ಮೈಯೊಡ್ಡಿ ಮಲಗುತ್ತದೆ. ಆಗ ಚಕ್ರದ ಕಡೆಗೆ ಬರುತ್ತಿರುವ ಭಾಗ ಎತ್ತರದ ದಿಕ್ಕಿಗೆ ತುಸು ವಾಲುತ್ತದೆ. ಹೊಸದಾಗಿ ಬಂದು ತಾಗುವ ಪ್ರತಿ ತುಣುಕೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಮೇಲೆ ತಾಗುತ್ತದೆ. ಚಕ್ರ ಅದನ್ನು ಹಾಗೆಯೇ ನೇರ ಒಯ್ಯುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಶಿಖರಕ್ಕೆ ಬಂದಾಗ ಎರಡೂ ಬದಿಯ ಇಳಿಜಾರು ಸಮಸಮ ಎಳೆದು, ಪಟ್ಟಿ ಅಲ್ಲೇ ನೆಲೆಯಾಗುತ್ತದೆ. ಬಹುತೇಕ ಸಣ್ಣ ಬ್ಯಾಂಡ್‌ಸಾಗಳ ಚಕ್ರಕ್ಕೆ ತೊಡಿಸಿದ ರಬ್ಬರು ಟೈರಿನಲ್ಲೂ ಇದೇ ಉಬ್ಬು ಇರುತ್ತದೆ. ಟೈರಿನ ಮೇಲೆ ಮರದ ಹುಡಿ ಹೆಪ್ಪುಗಟ್ಟಿದರೆ ಉಬ್ಬು ಎಲ್ಲೆಲ್ಲೋ ಆಗಿ ಬ್ಲೇಡು ಅಲೆದಾಡತೊಡಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷೊಂದು ನನ್ನ ಯಂತ್ರದ ಬಾಗಿಲಲ್ಲೇ ನೇತಾಡುತ್ತಿದೆ.

ಯಂತ್ರ ಹೊಂದಿಸುವುದು ಅಂದರೆ ಮೊದಲು ಇದನ್ನು ಕಾಣುವುದು. ಪ್ಲಗ್ಗು ಕಿತ್ತು, ಮೇಜಿನ ಮೇಲೂ ಕೆಳಗೂ ಬ್ಲೇಡಿಗೆ ಆಸರೆಯಾಗಿರುವ ಗೈಡುಗಳನ್ನೆಲ್ಲ ದೂರ ಸರಿಸಿ, ಬ್ಲೇಡು ಹಾಕಿ, ಬಿಗಿ ಕೊಟ್ಟು, ಮೇಲಿನ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಬ್ಲೇಡು ಮುಂದೆ ಬಂದರೆ ಹಿಂದಿನ ತಿರುಪಿನಿಂದ ಚಕ್ರವನ್ನು ತುಸು ವಾಲಿಸುವುದು, ಹಿಂದೆ ಹೋದರೆ ಆಚೆ ತಿರುಗಿಸುವುದು. ಗೈಡಿನ ಆಸರೆ ಇಲ್ಲದೆ ಬ್ಲೇಡು ತನ್ನಷ್ಟಕ್ಕೆ ನಡುವಿನಲ್ಲಿ ಓಡುವ ತನಕ ಮುಂದಿನ ಕೆಲಸಕ್ಕೆ ಕೈ ಹಾಕಬಾರದು. ಹೊಸಬರು ಎಡವುವುದೇ ಇಲ್ಲಿ. ಬ್ಲೇಡು ಸೊಟ್ಟ ಓಡುತ್ತಿದ್ದರೆ ಗೈಡನ್ನು ಒತ್ತಿ ನೆಟ್ಟಗೆ ಮಾಡಲು ನೋಡುತ್ತಾರೆ. ಗೈಡು ಇರುವುದು ಮರ ತಳ್ಳಿದಾಗ ಬ್ಲೇಡು ವಾಲದಿರಲಿ ಎಂದು. ಖಾಲಿ ಓಡುವಾಗ ಅದು ಬ್ಲೇಡನ್ನು ಮುಟ್ಟಲೇಬಾರದು. ಎರಡೂ ಬದಿಗೆ ಒಂದು ಕಾಗದದ ತುಂಡು ಹಿಡಿಯುವಷ್ಟು ಸಂದು, ಗೈಡಿನ ಮುಂದಿನ ಅಂಚು ಹಲ್ಲಿನ ಬುಡಕ್ಕಿಂತ ಹಿಂದೆ, ಬೆನ್ನಿಗಿರುವ ಬೇರಿಂಗಿಗೂ ಅಷ್ಟೇ ಸಂದು. ಕೊನೆಗೆ ಮೂಲೆಮಟ್ಟ ಇಟ್ಟು ಮೇಜು ಬ್ಲೇಡಿಗೆ ನೇರ ಇದೆಯೇ ನೋಡಿದರೆ ಮುಗಿಯಿತು.

ಬಿಗಿ ಎಷ್ಟು ಬೇಕು? ಬಟ್ಟೆ ಒಣಹಾಕುವ ಹಗ್ಗ ಸಡಿಲವಿದ್ದರೆ ಒದ್ದೆ ಪಂಚೆ ನೆಲ ಗುಡಿಸುತ್ತದೆ, ಬಿಗಿದು ಕಟ್ಟಿದರೆ ಅಷ್ಟು ಜೋಲುವುದಿಲ್ಲ. ಬ್ಲೇಡೂ ಹಾಗೆಯೇ; ತನ್ನ ತೆಳುವಿನಿಂದ ಬಾರದ ಗಟ್ಟಿತನ ಅದಕ್ಕೆ ಎಳೆತದಿಂದ ಬರುತ್ತದೆ. ಅರ್ಧ ಇಂಚು ಅಗಲ, 0.63 ಮಿ.ಮೀ. ದಪ್ಪದ ಬ್ಲೇಡಿಗೆ ಸಾಮಾನ್ಯ ಬಿಗಿ ಕೊಟ್ಟರೆ ಚಕ್ರಗಳ ನಡುವಿನ ಅದರ ಒಂದೊಂದು ಬದಿಯೂ 85 ಕಿಲೊ ಭಾರದಷ್ಟು ಎಳೆಯುತ್ತದೆ. ಎರಡೂ ಬದಿ ಸೇರಿ 170 ಕಿಲೊ. ಮೂರು ಮೂಟೆ ಅಕ್ಕಿಗಿಂತ ಹೆಚ್ಚು ಭಾರ ಮೇಲಿನ ಚಕ್ರದ ಅಚ್ಚಿಗೆ ನೇತುಹಾಕಿದ ಹಾಗೆ. ಸಣ್ಣ ಯಂತ್ರದ ಚೌಕಟ್ಟು ನಿಜವಾಗಿ ಹೊರುವುದು ಇದನ್ನು.

ಇನ್ನು ಹಲ್ಲು. ನನ್ನ ಯಂತ್ರಕ್ಕೆ ಹೆಚ್ಚೆಂದರೆ ಆರು ಇಂಚು ಎತ್ತರದ ಮರ ಹಿಡಿಸುತ್ತದೆ. ಹಲ್ಲು ಹೆಚ್ಚಿದ್ದಷ್ಟೂ ಕೊಯ್ತ ನಯ ಎಂದು ನಂಬಿ, ಇಂಚಿಗೆ 14 ಹಲ್ಲಿನ ಬ್ಲೇಡು ಹಾಕಿ ಹಲಸಿನ ತುಂಡೊಂದನ್ನು ಸೀಳಲು ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಸುಟ್ಟ ವಾಸನೆ, ಕೊಯ್ತ ಬಾಳೆಕಾಯಿಯ ಹಾಗೆ ಬಾಗಿತ್ತು. ಪ್ರತಿ ಹಲ್ಲೂ ತಾನು ಕೆರೆದ ಹುಡಿಯನ್ನು ತನ್ನ ಮುಂದಿನ ಬೊಗಸೆಯಲ್ಲಿ ಹೊತ್ತು ಮರದ ಕೆಳಗಿನವರೆಗೂ ಸಾಗಿಸಬೇಕು. ಸಣ್ಣ ಹಲ್ಲಿಗೆ ಸಣ್ಣ ಬೊಗಸೆ. ಅದು ಮಧ್ಯದಲ್ಲೇ ತುಂಬಿದರೆ ಹುಡಿ ಅದುಮಿ, ಉಜ್ಜಿ, ಕಾದು, ಬ್ಲೇಡು ದಾರಿ ತಪ್ಪುತ್ತದೆ. ದಪ್ಪ ಮರಕ್ಕೆ ಇಂಚಿಗೆ ಮೂರೇ ಹಲ್ಲು ಸಾಕು. ತೆಳು ಪ್ಲೈವುಡ್ಡಿಗೆ ಮಾತ್ರ ಯಾವಾಗಲೂ ಮೂರು ಹಲ್ಲಾದರೂ ಮರದೊಳಗೆ ಇರುವಷ್ಟು ಒತ್ತಾಗಿರಬೇಕು, ಇಲ್ಲದಿದ್ದರೆ ಹಲಗೆಯನ್ನು ಕಚ್ಚಿ ಕೀಳುತ್ತದೆ.

ಹಲ್ಲುಗಳನ್ನು ಎಡಬಲಕ್ಕೆ ತುಸು ಮಣಿಸಿರುವುದರಿಂದ ಸೀಳು ಬ್ಲೇಡಿಗಿಂತ ಅಗಲ. ಆ ಸಂದಿನಲ್ಲೇ ತಿರುವು ತೆಗೆದುಕೊಳ್ಳಬೇಕು. ಕಾಲಿಂಚಿನ ಬ್ಲೇಡು ಸುಮಾರು 16 ಮಿ.ಮೀ. ತ್ರಿಜ್ಯದ ತಿರುವು ಕೊಯ್ಯಬಲ್ಲದು, ಅರ್ಧ ಇಂಚಿನದಕ್ಕೆ 64 ಬೇಕು. ಅದಕ್ಕಿಂತ ಕಡಿದಾಗಿ ತಿರುಗಿಸಿದರೆ ಬ್ಲೇಡಿನ ಬೆನ್ನು ಗೋಡೆಗೆ ತಾಗಿ ತಿರುಚಿಕೊಳ್ಳುತ್ತದೆ. ಸಿಕ್ಕಿಬಿದ್ದಾಗ ಓಡುತ್ತಿರುವ ಯಂತ್ರದಲ್ಲೇ ಮರವನ್ನು ಹಿಂದಕ್ಕೆ ಎಳೆದರೆ ಬ್ಲೇಡೂ ಅದರ ಜೊತೆ ಚಕ್ರ ಬಿಟ್ಟು ಬರಬಹುದು. ಆರಿಸಿ, ನಿಂತ ಮೇಲೆ ಬಿಡಿಸಿಕೊಳ್ಳಿ. ಮೊದಲೇ ಹೊರಗಿನಿಂದ ಒಂದೆರಡು ನೇರ ಸೀಳು ಹಾಕಿಟ್ಟರೆ ತುಂಡುಗಳು ತಾವೇ ಉದುರುತ್ತವೆ.

ಅಪಾಯದ ವಿಷಯದಲ್ಲಿ ಬ್ಯಾಂಡ್‌ಸಾ ಒಂದು ಮೋಸದ ಪ್ರಾಣಿ. ಮೇಜಿನ ವೃತ್ತಾಕಾರದ ಗರಗಸ ಭೋರ್ಗರೆಯುತ್ತದೆ, ಕೆಟ್ಟ ಗಳಿಗೆಯಲ್ಲಿ ಮರವನ್ನು ನಮ್ಮ ಹೊಟ್ಟೆಗೇ ಎಸೆಯುತ್ತದೆ; ಹಾಗಾಗಿ ಭಯ ತಾನಾಗಿ ಇರುತ್ತದೆ. ಬ್ಯಾಂಡ್‌ಸಾದ ಹಲ್ಲು ಮರವನ್ನು ಮೇಜಿಗೇ ಒತ್ತುತ್ತದೆ, ಎಸೆಯುವುದಿಲ್ಲ. ಮೆತ್ತಗೆ ಹಾಡುತ್ತ ಕೊಯ್ಯುತ್ತದೆ. ಅರ್ಧ ಗಂಟೆಯಲ್ಲಿ ನಾವು ಸಲಿಗೆ ಬೆಳೆಸಿಬಿಡುತ್ತೇವೆ. ಇಂಚಿಗೆ ಮೂರು ಹಲ್ಲಿನ ಬ್ಲೇಡಾದರೂ ಸೆಕೆಂಡಿಗೆ ಸುಮಾರು ಸಾವಿರದ ಎಂಟುನೂರು ಹಲ್ಲು ಕೆಳಗಿಳಿಯುತ್ತವೆ. ಉರಿಯಿತು ಎಂದು ಕೈ ಹಿಂದೆಗೆಯಲು ನಮಗೆ ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಬ್ಲೇಡು ಒಂದೂವರೆ ಸುತ್ತು ಮುಗಿಸಿರುತ್ತದೆ. ಕೊಯ್ತದ ಕೊನೆಯ ಇಂಚಿನಲ್ಲಿ, ಮರ ತಟ್ಟನೆ ಬಿಟ್ಟುಕೊಡುವಾಗ, ತಳ್ಳುತ್ತಿದ್ದ ಹೆಬ್ಬೆರಳು ಅದೇ ಜೋರಿನಲ್ಲಿ ಮುಂದೆ ಹೋಗುವುದು ಎಲ್ಲಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ಬ್ಲೇಡಿನ ನೇರಕ್ಕೆ ಬೆರಳು ಇಡಬಾರದು, ಕೊನೆಗೆ ತಳ್ಳಲು ಒಂದು ಕೋಲು ಬೇಕು, ಮೇಲಿನ ಗಾರ್ಡು ಮರಕ್ಕಿಂತ ಕಾಲಿಂಚಷ್ಟೇ ಎತ್ತರದಲ್ಲಿರಬೇಕು. ಯಂತ್ರ ಓಡುವಾಗ ಗ್ಲೌಸು ಬೇಡ, ಬಳೆ ಬೇಡ, ಹೆಗಲ ಮೇಲೆ ಟವೆಲ್ಲೂ ಬೇಡ. ಹಲ್ಲಿಗೆ ನೂಲು ಸಿಕ್ಕರೆ ಜೊತೆಗೆ ಕೈಯನ್ನೂ ಕರೆದೊಯ್ಯುತ್ತದೆ.

ನನಗೆ ಬುದ್ಧಿ ಬಂದದ್ದು ಒಂದು ಲಟ್ಟಣಿಗೆಯಿಂದ. ಹಿಡಿ ಮುರಿದಿತ್ತು, "ಆ ಕಡೆಯದನ್ನೂ ಸಮ ಮಾಡಿ ಕೊಡೋ" ಎಂದರು ಅಮ್ಮ. ಎರಡು ನಿಮಿಷದ ಕೆಲಸ. ಬ್ಲೇಡು ತಾಗಿದ್ದೇ ತಡ ಲಟ್ಟಣಿಗೆ ಗಿರ್ರನೆ ಉರುಳಿ, ಮೇಲಿಟ್ಟಿದ್ದ ನನ್ನ ಬೆರಳನ್ನು ಬ್ಲೇಡಿನ ಕಡೆಗೇ ಎಳೆಯಿತು. ಕೈ ಬಿಟ್ಟೆ. ಬ್ಲೇಡು ಸೊಟ್ಟಗಾಗಿ ನಿಂತಿತು, ಬೆರಳು ಉಳಿಯಿತು. ಆಮೇಲೆ ಕೂತು ಚಿತ್ರ ಬರೆದು ನೋಡಿದೆ. ಚಪ್ಪಟೆ ಹಲಗೆಗೆ ಹಲ್ಲು ಒತ್ತುವ ಜಾಗದ ಕೆಳಗೇ ಮೇಜಿನ ಆಸರೆ ಇರುತ್ತದೆ. ದುಂಡನೆಯದು ಮೇಜಿಗೆ ತಾಗುವುದು ಒಂದು ಗೆರೆಯಲ್ಲಿ ಮಾತ್ರ. ಹಲ್ಲು ಕಚ್ಚುವುದು ಆ ಗೆರೆಗಿಂತ ಮುಂದೆ, ಕೆಳಗೆ ಗಾಳಿಯಿರುವ ಕಡೆ. ಒತ್ತಿದಷ್ಟೂ ಅದು ಮುಂದಕ್ಕೆ ಉರುಳುತ್ತದೆ. ಈಗ ದುಂಡು ಮರ ಬಂದರೆ ವಿ ಆಕಾರದ ತೊಟ್ಟಿಲೊಂದರಲ್ಲಿ ಕೂರಿಸಿ ಕಚ್ಚಿ ಹಿಡಿಸದೆ ಕೊಯ್ಯುವುದಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ಅಪಾಯ ಉಂಟು, ಕರೆಂಟು. ಕೊಯ್ಯುವಾಗಲೇ ಹೋಗುತ್ತದೆ. ಸ್ವಿಚ್ಚು ಆರಿಸಲು ಮರೆತು ಬಾಗಿಲು ತೆಗೆದು ಬ್ಲೇಡಿಗೆ ಕೈ ಹಾಕಿರುತ್ತೇವೆ, ಆಗ ಬರುತ್ತದೆ. ತೋಟದ ಪಂಪಿನ ಸ್ಟಾರ್ಟರು ನೋಡಿದವರಿಗೆ ಇದರ ಪರಿಹಾರ ಗೊತ್ತು. ಹಸಿರು ಗುಂಡಿ ಒತ್ತಿದಾಗ ಒಳಗಿನ ಸುರುಳಿ ಕಾಂತವಾಗಿ ಸಂಪರ್ಕವನ್ನು ಹಿಡಿದುಕೊಳ್ಳುತ್ತದೆ, ಕರೆಂಟು ಹೋದರೆ ಕೈಬಿಡುತ್ತದೆ. ಮತ್ತೆ ಬಂದರೂ ಯಾರಾದರೂ ಒತ್ತುವ ತನಕ ಮೋಟರು ಏಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ತೋಟಕ್ಕೆ ಹೋಗುವ ರಗಳೆ ಬೇಡವೆಂದು ನಾವೇ ಅದಕ್ಕೆ ಆಟೊ ಸ್ಟಾರ್ಟರು ಜೋಡಿಸಿ ಆ ಗುಣವನ್ನು ಕೊಂದಿರುತ್ತೇವೆ, ಆ ಮಾತು ಬೇರೆ. ಅಗ್ಗದ ಬ್ಯಾಂಡ್‌ಸಾಗೆ ಮನೆಯ ಫ್ಯಾನಿನಂಥ ಸಾದಾ ಸ್ವಿಚ್ಚು ಇದ್ದರೆ ಮೊದಲು ಅದನ್ನು ಕಿತ್ತು ಇಂಥದ್ದೊಂದನ್ನು ಹಾಕಿಸಿ.

ಹುಡಿಯನ್ನು ಮಾತ್ರ ಹಗುರವಾಗಿ ಕಾಣುವುದು ನಮ್ಮಲ್ಲಿ ರೂಢಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲಿನ ಕುಳಿಗಳಿಗೆ. ಕೊರೊನಾ ಕಾಲದಲ್ಲಿ ತಂದ ಎನ್-95 ಮಾಸ್ಕು ಮನೆಯಲ್ಲಿ ಉಳಿದಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಕೆಲಸ ಮುಗಿದ ಮೇಲೆ ಬಿಗಿಯನ್ನು ನಾಲ್ಕೈದು ಸುತ್ತು ಇಳಿಸಿಬಿಡುತ್ತೇನೆ. 170 ಕಿಲೊ ಭಾರವನ್ನು ರಾತ್ರಿಯೆಲ್ಲ ಹೊತ್ತು ನಿಂತರೆ ಟೈರಿನಲ್ಲಿ ತಗ್ಗು ಬೀಳುತ್ತದೆ, ಸ್ಪ್ರಿಂಗು ಸೋಲುತ್ತದೆ. ಆದರೆ ಇಳಿಸಿದ್ದನ್ನು ಮರೆತು ಮರುದಿನ ಹಸಿರು ಗುಂಡಿ ಒತ್ತಿದ್ದೂ ಉಂಟು. ಬ್ಲೇಡು ಕೆಳಚಕ್ರದಿಂದ ಕಳಚಿ ಟೈರಿನ ಒಂದು ಗೇಣು ರಬ್ಬರನ್ನು ಜಗಿದುಹಾಕಿತು. ಅಂದಿನಿಂದ ಯಾರದೋ ಮದುವೆಯ ಕರೆಯೋಲೆಯ ಹಿಂಬದಿಗೆ ದೊಡ್ಡಕ್ಷರದಲ್ಲಿ "ಬ್ಲೇಡು ಸಡಿಲ" ಎಂದು ಬರೆದು, ಹಸಿರು ಗುಂಡಿ ಮುಚ್ಚುವ ಹಾಗೆ ನೇತುಹಾಕಿ ದೀಪ ಆರಿಸುತ್ತೇನೆ.