ಇಂಪೀರಿಯಲ್ ಮೊದಲೋ, ಗಾಡಿ ಮೊದಲೋ? ಏಜ್ ಆಫ್ ಎಂಪೈರ್ಸ್ 2 ಟೀಮ್ ಗೇಮ್ ಟಿಪ್ಪಣಿ

ಏಜ್ ಆಫ್ ಎಂಪೈರ್ಸ್ 2 ಅಂದರೆ ಊರು ಕಟ್ಟಿ, ಪಡೆ ಬೆಳೆಸಿ ಯುದ್ಧ ಮಾಡುವ ಕಂಪ್ಯೂಟರ್ ಆಟ. ಅದರಲ್ಲಿ ಮೂರು ಶನಿವಾರ ಸತತವಾಗಿ ಒಂದೇ ಥರ ಸೋತ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬ್ಲ್ಯಾಕ್ ಫಾರೆಸ್ಟ್ ಮ್ಯಾಪ್, ಈ ಕಡೆ ನಾಲ್ಕು ಜನ, ಆ ಕಡೆ ನಾಲ್ಕು ಜನ. ಎಂಟು ಜನರಲ್ಲಿ ಆಟದ ಕೊನೆಯ ಹಂತವಾದ ಇಂಪೀರಿಯಲ್ ಏಜ್‌ಗೆ ಮೊದಲು ಹೋದವನು ಮೂರು ಸಲವೂ ನಾನೇ. ಅರ್ಧ ಗಂಟೆ ನನ್ನ ಪಡೆಯೇ ಜೋರು. ಆಮೇಲೆ ಗೋಲ್ಡ್ ಗಣಿ ಖಾಲಿ. ಗೋಲ್ಡ್ ಬೇಡುವ ಕುದುರೆ ಸವಾರ ಪಲಾಡಿನ್ ಹೋಗಿ ಈಟಿಯವರಷ್ಟೇ ಉಳಿದರು. ಎದುರಾಳಿಗಳು ನನಗಿಂತ ಐದು ನಿಮಿಷ ತಡವಾಗಿ ಇಂಪೀರಿಯಲ್‌ಗೆ ಬಂದಿದ್ದರು, ಆದರೆ ಅವರ ಹಿತ್ತಲಲ್ಲಿ ವ್ಯಾಪಾರದ ಗಾಡಿಗಳ ಸಾಲು ಓಡಾಡುತ್ತಿತ್ತು, ಗೋಲ್ಡ್ ನಿಲ್ಲದೆ ಬರುತ್ತಿತ್ತು.

ಹಾಗಾಗಿ ಕೂತು ಲೆಕ್ಕ ಹಾಕಿದೆ. ಬಿಲ್ಡ್ ಆರ್ಡರ್, ಹಂದಿ ಎಳೆದು ತರುವುದು, ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಅಂಕಿಗಳೆಲ್ಲ 2019ರಲ್ಲಿ ಬಂದ ಡೆಫಿನಿಟಿವ್ ಎಡಿಷನ್‌ನವು.

ಏಜ್‌ನ ಬೆಲೆ

ಫ್ಯೂಡಲ್‌ಗೆ 500 ಫುಡ್. ಕ್ಯಾಸಲ್‌ಗೆ 800 ಫುಡ್, 200 ಗೋಲ್ಡ್. ಇಂಪೀರಿಯಲ್‌ಗೆ 1000 ಫುಡ್, 800 ಗೋಲ್ಡ್. ಇದು ಎಲ್ಲರಿಗೂ ಬಾಯಿಪಾಠ. ನಾವು ಮರೆಯುವುದು ಸಮಯದ ಬೆಲೆ. ಫ್ಯೂಡಲ್‌ಗೆ 130 ಸೆಕೆಂಡ್, ಕ್ಯಾಸಲ್‌ಗೆ 160, ಇಂಪೀರಿಯಲ್‌ಗೆ 190. ಅಷ್ಟು ಹೊತ್ತು ಊರಿನ ಮುಖ್ಯ ಕಟ್ಟಡವಾದ ಆ ಟೌನ್ ಸೆಂಟರ್‌ನಲ್ಲಿ ವಿಲೇಜರ್, ಅಂದರೆ ಕೆಲಸಗಾರ, ಹುಟ್ಟುವುದಿಲ್ಲ. ಒಬ್ಬ ವಿಲೇಜರ್‌ಗೆ 25 ಸೆಕೆಂಡ್ ಬೇಕು, ಅಂದರೆ ಫ್ಯೂಡಲ್‌ಗೆ ಹೋಗುವಾಗ ಐದು ಜನ, ಕ್ಯಾಸಲ್‌ಗೆ ಹೋಗುವಾಗ ಆರು ಜನ ಕೈಬಿಟ್ಟ ಹಾಗೆ. ಕ್ಯಾಸಲ್ ಏಜ್ ಬಂದ ಮೇಲೆ ಇನ್ನೊಂದು ಟೌನ್ ಸೆಂಟರ್ ಕಟ್ಟಬಹುದು, ಹಾಗಾಗಿ ಇಂಪೀರಿಯಲ್‌ಗೆ ಹೋಗುವಾಗ ಈ ನಷ್ಟ ಅಷ್ಟು ಕಾಡುವುದಿಲ್ಲ.

ಕ್ಯಾಸಲ್‌ಗೆ ಹೋಗಲು ಫ್ಯೂಡಲ್ ಏಜ್‌ನ ಎರಡು ಕಟ್ಟಡ ಬೇಕಲ್ವಾ, ಅದರಲ್ಲಿ ಒಂದು ಮಾರ್ಕೆಟ್ ಆಗಲಿ. 175 ವುಡ್. ಹೇಗೂ ಕಟ್ಟಲೇಬೇಕಾದದ್ದು.

ಮಾರ್ಕೆಟ್ ದರ: ನಾನು ಎಡವಿದ್ದು ಇಲ್ಲೇ

ಇದನ್ನು ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ನನಗೆ ವರ್ಷಗಟ್ಟಲೆ ತಪ್ಪಾಗಿ ತಿಳಿದಿತ್ತು. ಮಾರ್ಕೆಟ್‌ನಲ್ಲಿ 100 ಫುಡ್ ಮಾರಿದರೆ 70 ಗೋಲ್ಡ್ ಸಿಗುತ್ತದೆ, 100 ಫುಡ್ ಕೊಳ್ಳಲು 130 ಗೋಲ್ಡ್ ಬೇಕು. ಇವು ಎರಡು ಬೇರೆ ಬೇರೆ ದರ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಒಳಗೆ ಒಂದೇ ಮೂಲ ದರ ಇದೆ. ಆಟ ಶುರುವಾದಾಗ ಫುಡ್‌ಗೂ ವುಡ್‌ಗೂ ಅದು 100, ಸ್ಟೋನ್‌ಗೆ 130. ಆ ದರದ ಮೇಲೆ ಮಾರ್ಕೆಟ್ ಶೇ. 30 ಕಮಿಷನ್ ಹಿಡಿಯುತ್ತದೆ. ಮಂಡಿಯ ದಲ್ಲಾಳಿಯ ಹಾಗೆ. ಮಾರುವವನಿಂದಲೂ ಹಿಡಿಯುತ್ತದೆ, ಕೊಳ್ಳುವವನಿಂದಲೂ ಹಿಡಿಯುತ್ತದೆ.

ಈಗ ನೋಡಿ. ನನ್ನ ಹತ್ತಿರ ಫುಡ್ ಜಾಸ್ತಿ ಇದೆ, ವುಡ್ ಬೇಕು. 100 ಫುಡ್ ಮಾರುತ್ತೇನೆ, 70 ಗೋಲ್ಡ್ ಬರುತ್ತದೆ. 100 ವುಡ್‌ಗೆ 130 ಬೇಕು, ಸಾಲುವುದಿಲ್ಲ. ಇನ್ನೊಂದು 100 ಫುಡ್ ಮಾರಿದರೆ ಸುಮಾರು 67 ಬರುತ್ತದೆ, ಒಟ್ಟು 137. ಈಗ ವುಡ್ ಕೊಂಡೆ. ಅಂದರೆ 200 ಫುಡ್ ಕೊಟ್ಟು 100 ವುಡ್ ತಂದೆ. ಎರಡು ಸಲ ಕಮಿಷನ್ ಕೊಟ್ಟಿದ್ದಕ್ಕೆ ಹತ್ತಿರ ಹತ್ತಿರ ಅರ್ಧ ಕರಗಿ ಹೋಯಿತು. ಶೇ. 30 ಅಷ್ಟೇ ಅಲ್ವಾ ಅಂತ ಸುಮ್ನೆ ಒತ್ತುತ್ತಾ ಹೋಗಿದ್ದೆ ನಾನು. ಫುಡ್‌ನಿಂದ ವುಡ್‌ಗೆ, ವುಡ್‌ನಿಂದ ಫುಡ್‌ಗೆ ಯಾವತ್ತೂ ಬದಲಾಯಿಸಬೇಡಿ. ಹತ್ತು ವಿಲೇಜರ್‌ಗಳನ್ನು ಹೊಲದಿಂದ ಎಬ್ಬಿಸಿ ಮರ ಕಡಿಯಲು ಕಳಿಸಿ, ಅದು ಎಷ್ಟೋ ವಾಸಿ.

ಎರಡನೇ ಸಲ 70 ಬರದೆ 67 ಯಾಕೆ ಬಂತು? ಒಂದು ಸಲ ಮಾರಿದರೆ ಮೂಲ ದರ 3 ಇಳಿಯುತ್ತದೆ, ಒಂದು ಸಲ ಕೊಂಡರೆ 3 ಏರುತ್ತದೆ. ಮಂಡಿಗೆ ಟೊಮೆಟೊ ಲೋಡು ಜಾಸ್ತಿ ಬಂದ ದಿನ ರೇಟು ಬೀಳುತ್ತದಲ್ಲ, ಅದೇ. 100, 97, 94, 91, 88. ಪ್ರತಿಯೊಂದನ್ನೂ 0.7ರಿಂದ ಗುಣಿಸಿದರೆ ನಿಮಗೆ ಸಿಗುವ ಗೋಲ್ಡ್. ಮೂಲ ದರ ತೆರೆಯ ಮೇಲೆ ಕಾಣುವುದಿಲ್ಲ, ಕಮಿಷನ್ ಕಳೆದ ಅಥವಾ ಸೇರಿಸಿದ ಅಂಕಿ ಮಾತ್ರ ಕಾಣುತ್ತದೆ. ನನಗೆ ಗೊಂದಲ ಆಗಿದ್ದು ಅದಕ್ಕೇ.

ಆಟದ ಮಧ್ಯೆ ಗುಣಾಕಾರ ಮಾಡುತ್ತಾ ಕೂರಲು ಆಗಲ್ಲ. ನಾನು ಇಟ್ಟುಕೊಂಡಿರುವ ಸುಲಭ ಲೆಕ್ಕ ಹೀಗಿದೆ. ಒಂದೇ ವಸ್ತುವನ್ನು ಐದು ಸಲ ಮಾರಿದರೆ ಸರಾಸರಿ 65, ಹತ್ತು ಸಲ ಮಾರಿದರೆ 60, ಇಪ್ಪತ್ತು ಸಲ ಮಾರಿದರೆ 50. ಕೊಳ್ಳುವಾಗ ಐದಕ್ಕೆ ಸರಾಸರಿ 138, ಹತ್ತಕ್ಕೆ 148. "ಐದಕ್ಕೆ 65, ಹತ್ತಕ್ಕೆ 60, ಇಪ್ಪತ್ತಕ್ಕೆ 50" ಅಂತ ಒಂದು ಚೀಟಿ ಬರೆದು ಮಾನಿಟರ್ ಕೆಳಗೆ ಅಂಟಿಸಿದ್ದೇನೆ.

ಇಂಪೀರಿಯಲ್ ಒತ್ತುವ ಕ್ಷಣಕ್ಕೆ ಇದನ್ನು ಹೀಗೆ ಬಳಸಬಹುದು. 1000 ಫುಡ್ ಇದೆ, 500 ಗೋಲ್ಡ್ ಇದೆ, 600 ವುಡ್ ಸುಮ್ನೆ ಬಿದ್ದಿದೆ. ಬೇಕಾಗಿರುವುದು ಇನ್ನೂ 300 ಗೋಲ್ಡ್. ಐದು ಸಲ ವುಡ್ ಮಾರಿ, ಐದು 65 ಅಂದರೆ 325. ಆಯಿತು, ಒತ್ತಿ. ಒಂದು ಸಲದ ಕಮಿಷನ್, ದರ ಇನ್ನೂ ಬಿದ್ದಿಲ್ಲ, ಇದು ನ್ಯಾಯವಾದ ಖರ್ಚು. ಆದರೆ 800 ಗೋಲ್ಡ್ ಪೂರ್ತಿ ಮಾರ್ಕೆಟ್‌ನಿಂದಲೇ ಎತ್ತಲು ಹೊರಟರೆ ಹದಿನಾಲ್ಕು ಹದಿನೈದು ಸಲ ಮಾರಬೇಕು, ದರ ನೆಲ ಕಚ್ಚುತ್ತದೆ, ಆಮೇಲೆ ನಿಜವಾಗಿ ಬೇಕಾದಾಗ ಮಾರಲು ಬೆಲೆಯೇ ಇರಲ್ಲ. ಮೂಲ ದರ 20ಕ್ಕಿಂತ ಕೆಳಗೆ ಹೋಗುವುದಿಲ್ಲ. ಆ ಹಂತದಲ್ಲಿ 100 ವುಡ್‌ಗೆ ಸಿಗುವುದು 14 ಗೋಲ್ಡ್. ದೀರ್ಘ ಆಟಗಳ ಕೊನೆಯಲ್ಲಿ ಆ 14 ಅನ್ನುವ ಅಂಕಿ ನೋಡಿ ನೋಡಿ ಸಾಕಾಗಿದೆ.

ಇನ್ನೊಂದು ವಿಷಯ, ಇದು ಮಲ್ಟಿಪ್ಲೇಯರ್‌ಗೆ ತುಂಬಾ ಮುಖ್ಯ. ಈ ದರ ನನ್ನೊಬ್ಬನದಲ್ಲ. ಆಟದಲ್ಲಿರುವ ಎಲ್ಲರಿಗೂ ಒಂದೇ ಮೂಲ ದರ. ಎದುರಾಳಿ ವುಡ್ ಸುರಿದರೆ ನನ್ನ ವುಡ್‌ನ ಬೆಲೆಯೂ ಬೀಳುತ್ತದೆ. ಹಾಗಾಗಿ ಮಾರುವವರು ಮೊದಲು ಮಾರಬೇಕು, ಕೊಳ್ಳುವವರು ಆಮೇಲೆ ಕೊಳ್ಳಬೇಕು.

ಕಮಿಷನ್ ಇಳಿಸುವ ದಾರಿ ಗಿಲ್ಡ್ಸ್ ಅನ್ನುವ ಟೆಕ್, ಅಂದರೆ ಖರ್ಚು ಮಾಡಿ ಪಡೆಯುವ ಸುಧಾರಣೆ. ಇಂಪೀರಿಯಲ್‌ನಲ್ಲಿ ಸಿಗುತ್ತದೆ, 300 ಫುಡ್, 200 ಗೋಲ್ಡ್, ಶೇ. 30 ಇದ್ದದ್ದು 15 ಆಗುತ್ತದೆ. ನಮ್ಮ ಐಹೊಳೆಯ ಐನೂರ್ವರ ಥರದ ವರ್ತಕ ಸಂಘ ಅಂತ ನೆನಪಿಟ್ಟುಕೊಂಡರೆ ಯಾವ ಟೆಕ್ ಏನು ಮಾಡುತ್ತದೆ ಅಂತ ಗೊಂದಲ ಆಗಲ್ಲ. ಸ್ಯಾರಸೆನ್ಸ್ ನಾಗರಿಕತೆ ಆಡುವವರಿಗೆ ಇದರ ಚಿಂತೆ ಇಲ್ಲ, ಅವರ ಕಮಿಷನ್ ಶೇ. 5 ಮಾತ್ರ. ನಮ್ಮ ತಂಡದಲ್ಲಿ ಸ್ಯಾರಸೆನ್ಸ್ ಇದ್ದಾಗ ಈ ಚೀಟಿ ಅವರಿಗೆ ಲಾಗೂ ಆಗುವುದಿಲ್ಲ.

ತಂಡದವರಿಗೆ ಫುಡ್, ವುಡ್ ಏನಾದರೂ ಕಳಿಸುವಾಗಲೂ ಶುರುವಿನಲ್ಲಿ ಶೇ. 30 ಹೋಗುತ್ತದೆ. 100 ಫುಡ್ ತಲುಪಿಸಲು 130 ಬೇಕು. ಆದರೂ ಗೆಳೆಯನ ಹತ್ತಿರ ಫುಡ್ ರಾಶಿ ಬಿದ್ದಿದ್ದು ನನಗೆ 300 ಕಡಿಮೆ ಇದ್ದರೆ ಕೇಳಿ ಪಡೆಯುವುದೇ ಒಳ್ಳೆಯದು. ಅವನಿಗೆ 390 ಫುಡ್ ಖರ್ಚು. ನಾನೇ ಕೊಂಡರೆ 400ರ ಹತ್ತಿರ ಗೋಲ್ಡ್ ಖರ್ಚು. ಫುಡ್ ಬೆಳೆಯಬಹುದು, ಗೋಲ್ಡ್ ಬೆಳೆಯಲಾಗುವುದಿಲ್ಲ.

ಗಾಡಿ

ಟ್ರೇಡ್ ಕಾರ್ಟ್ ನಮ್ಮ ಮಾರ್ಕೆಟ್‌ನಿಂದ ತಂಡದವರ ಮಾರ್ಕೆಟ್‌ಗೆ ಹೋಗಿ ಬರುತ್ತದೆ, ಬರುವಾಗ ಗೋಲ್ಡ್ ತರುತ್ತದೆ. ನಮ್ಮದೇ ಎರಡು ಮಾರ್ಕೆಟ್ ನಡುವೆ ಓಡಿಸಲು ಆಗಲ್ಲ. ಗೋಲ್ಡ್ ಗಾಡಿಯ ಒಡೆಯನಿಗೆ ಮಾತ್ರ.

ದೂರ ಹೆಚ್ಚಿದ್ದರೆ ಒಂದು ಸುತ್ತಿಗೆ ಹೆಚ್ಚು ಸಮಯ ಹಿಡಿಯುತ್ತದಲ್ವಾ, ಹಾಗಾದರೆ ಹತ್ತಿರ ಇದ್ದರೇನು, ದೂರ ಇದ್ದರೇನು ಅಂತ ನಮ್ಮ ತಂಡದಲ್ಲಿ ಒಂದು ವಾದ ನಡೆದಿತ್ತು. ದೂರವೇ ಸರಿ. ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಾಗುತ್ತದೆ, ಆದರೆ ತರುವ ಗೋಲ್ಡ್ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಹಾಗಾಗಿ ಮಾರ್ಕೆಟ್‌ಗಳನ್ನು ಮ್ಯಾಪ್‌ನ ಮೂಲೆಗೆ ಒತ್ತಿ ಕಟ್ಟಿ. ಮೊದಲು ಕಟ್ಟಿದ ಮಾರ್ಕೆಟ್ ಊರ ಮಧ್ಯೆ ಇರುತ್ತದೆ, ವ್ಯಾಪಾರಕ್ಕೆ ಅದನ್ನು ಬಳಸಬೇಡಿ.

ಈಗ ಮುಖ್ಯ ಲೆಕ್ಕ. ಒಂದು ಗಾಡಿಗೆ 100 ವುಡ್, 50 ಗೋಲ್ಡ್, 51 ಸೆಕೆಂಡ್. ಇಪ್ಪತ್ತು ಗಾಡಿಗೆ 2000 ವುಡ್, 1000 ಗೋಲ್ಡ್. ಇಂಪೀರಿಯಲ್ ಏಜ್‌ಗೆ ಬೇಕಾದ ಗೋಲ್ಡ್ 800. ಅಂದರೆ ಇಪ್ಪತ್ತು ಗಾಡಿ ಮಾಡುವುದು ಒಂದು ಏಜ್ ದಾಟುವುದಕ್ಕಿಂತ ಗೋಲ್ಡ್‌ನಲ್ಲಿ ದುಬಾರಿ! ಇದನ್ನು ಕಂಡಾಗ ನನ್ನ ಮೂರು ಸೋಲಿಗೂ ಕಾರಣ ಸಿಕ್ಕಿತು. ಗಣಿ ಖಾಲಿಯಾದ ಮೇಲೆ ಗಾಡಿ ಮಾಡೋಣ ಅಂತ ಕೂತಿದ್ದೆ. ಆದರೆ ಗಾಡಿಗೇ ಗೋಲ್ಡ್ ಬೇಕು. ಅಷ್ಟೇ ಅಲ್ಲ, ಒಂದೇ ಮಾರ್ಕೆಟ್‌ನಿಂದ ಇಪ್ಪತ್ತು ಗಾಡಿ ಬರಲು 17 ನಿಮಿಷ ಬೇಕು.

ಹಾಗಂತ ಗಾಡಿ ಮೊದಲು ಮಾಡಿ ಇಂಪೀರಿಯಲ್ ಆಮೇಲೆ ಅಂದರೆ ಎದುರಾಳಿಯ ಕಲ್ಲೆಸೆಯುವ ಯಂತ್ರ ಟ್ರೆಬುಷೆ ಬಂದು ನಿಮ್ಮ ಕೋಟೆ ಕೆಡವುತ್ತದೆ. ಹಾಗಾದರೆ ಯಾವಾಗ? ನನಗೆ ಸಿಕ್ಕ ಜಾಗ ಆ 190 ಸೆಕೆಂಡ್. ಇಂಪೀರಿಯಲ್ ಒತ್ತಿದ ಮೇಲೆ ಅದರ ದುಡ್ಡು ಕೊಟ್ಟಾಯಿತು, ಅದರ ಟೆಕ್‌ಗಳು ಇನ್ನೂ ತೆರೆದಿಲ್ಲ. ಆ ಮೂರು ನಿಮಿಷ ಬರುವ ಗೋಲ್ಡ್ ಮುಂದಿನ ಅಪ್‌ಗ್ರೇಡ್‌ಗೆ ಅಂತ ಕೂಡಿಟ್ಟುಕೊಂಡು ಸುಮ್ನೆ ನೋಡುತ್ತಾ ಕೂರುತ್ತಿದ್ದೆ ನಾನು. ಈಗ ಒತ್ತುವುದಕ್ಕೆ ಸ್ವಲ್ಪ ಮುಂಚೆ ಮೂಲೆಯಲ್ಲಿ ಮೂರು ಮಾರ್ಕೆಟ್ ಕಟ್ಟಿಸುತ್ತೇನೆ, 525 ವುಡ್. ಒತ್ತಿದ ತಕ್ಷಣ ಮೂರರಲ್ಲೂ ಗಾಡಿ. 190 ಸೆಕೆಂಡ್‌ನಲ್ಲಿ ಒಂದೊಂದರಿಂದ ಮೂರು, ಒಟ್ಟು ಒಂಬತ್ತು ಗಾಡಿ. ಖರ್ಚು 900 ವುಡ್, 450 ಗೋಲ್ಡ್. ಇಂಪೀರಿಯಲ್ ಬಂದಾಗ ಮೊದಲ ಗಾಡಿಗಳು ಆಗಲೇ ದಾರಿಯಲ್ಲಿರುತ್ತವೆ.

ಕ್ಯಾರವಾನ್ ಟೆಕ್ ಯಾವಾಗ ಅನ್ನುವುದಕ್ಕೂ ಒಂದು ಲೆಕ್ಕ ಇದೆ. 200 ಫುಡ್, 200 ಗೋಲ್ಡ್, ಗಾಡಿಯ ವೇಗ ಶೇ. 50 ಜಾಸ್ತಿ. 200 ಗೋಲ್ಡ್ ಅಂದರೆ ನಾಲ್ಕು ಗಾಡಿಯ ಗೋಲ್ಡ್. ಎಂಟು ಗಾಡಿ ಇದ್ದಾಗ ಶೇ. 50 ಅಂದರೂ ನಾಲ್ಕು ಗಾಡಿಯ ದುಡಿಮೆ. ಹಾಗಾಗಿ ಎಂಟು ಗಾಡಿ ಆಗುತ್ತಿದ್ದ ಹಾಗೆ ಕ್ಯಾರವಾನ್. 200ರ ಜನಸಂಖ್ಯೆ ಮಿತಿಯಲ್ಲಿ ನಾಲ್ಕು ಜಾಗ ಉಳಿಯುವುದು ಲಾಭ.

ತಂಡದಲ್ಲಿ ಒಬ್ಬರು ಸ್ಪ್ಯಾನಿಷ್ ತೆಗೆದುಕೊಂಡರೆ ಎಲ್ಲರ ಗಾಡಿಗೂ ಶೇ. 25 ಗೋಲ್ಡ್ ಜಾಸ್ತಿ. 2022ರಲ್ಲಿ ಬಂದ ದ್ರಾವಿಡಿಯನ್ಸ್‌ಗೆ ಪ್ರತಿ ಏಜ್ ದಾಟಿದಾಗ 200 ವುಡ್ ಸಿಗುತ್ತದೆ, ಎರಡು ಗಾಡಿಯ ಮರ ಅಂತ ಇಟ್ಟುಕೊಳ್ಳಿ. ಒಬ್ಬರ ಎದುರು ಒಬ್ಬರ ಆಟದಲ್ಲಿ ಗಾಡಿಯ ಮಾತೇ ಇಲ್ಲ, ಅಲ್ಲಿ ಮ್ಯಾಪ್‌ನಲ್ಲಿ ಸಿಗುವ ಪವಿತ್ರ ವಸ್ತು ರೆಲಿಕ್ ಹಿಡಿಯಿರಿ, ಒಂದಕ್ಕೆ ನಿಮಿಷಕ್ಕೆ 30 ಗೋಲ್ಡ್.

ಮೊನ್ನೆ ಶನಿವಾರ ಇದನ್ನೇ ಆಡಿದೆವು. ಇಂಪೀರಿಯಲ್ ಒತ್ತಿ ಮಾರ್ಕೆಟ್ ತೆರೆದರೆ ವುಡ್ ಕೊಳ್ಳುವ ದರ 52 ತೋರಿಸುತ್ತಿತ್ತು. ಅಂದರೆ ಮೂಲ ದರ 40. ನಮ್ಮ ಕಡೆ ಯಾರೂ ಮಾರಿರಲಿಲ್ಲ, ಆ ಕಡೆಯವರೇ ಇಪ್ಪತ್ತು ಸಲ ವುಡ್ ಸುರಿದು ಇಂಪೀರಿಯಲ್‌ಗೆ ಗೋಲ್ಡ್ ಹೊಂದಿಸಿದ್ದರು. ಮೂರು ಸಲ ಕೊಂಡೆ, ಸುಮಾರು 167 ಗೋಲ್ಡ್‌ಗೆ 300 ವುಡ್. ಮೂರು ಮಾರ್ಕೆಟ್‌ನಲ್ಲೂ ಒಂದೊಂದು ಗಾಡಿ ಒತ್ತಿ, ಹೆಡ್‌ಸೆಟ್‌ನಲ್ಲಿ "ವುಡ್ ಅಗ್ಗ ಇದೆ, ತಗೊಳ್ರೋ" ಅಂತ ಕೂಗಿದೆ.