28ರ ಸ್ಟ್ರಿಪ್ಪೂ 30ರ ಡಬ್ಬಿಯೂ ಸುಲಭಕ್ಕೆ ಒಟ್ಟಿಗೆ ಮುಗಿಯಲ್ಲ

ಒಂದು ಲೆಕ್ಕ. ಬಿಪಿ ಮಾತ್ರೆ 28ರ ಪ್ಯಾಕು, ಕೊಲೆಸ್ಟ್ರಾಲ್ ಮಾತ್ರೆ 30ರ ಡಬ್ಬಿ, ಎರಡೂ ದಿನಕ್ಕೊಂದು. ಒಂದೇ ದಿನ ಶುರು ಮಾಡಿದ್ರೆ ಮತ್ತೆ ಒಟ್ಟಿಗೆ ಖಾಲಿಯಾಗೋದು ಯಾವಾಗ? ಸ್ಕೂಲಲ್ಲಿ ಕಲಿತ ಲ.ಸಾ.ಅ. ತೆಗೀರಿ: 420 ದಿನ, ಹತ್ತಿರ ಹತ್ತಿರ 14 ತಿಂಗಳು! ಒಂದನ್ನ ಸೋಮವಾರ, ಇನ್ನೊಂದನ್ನ ಮಂಗಳವಾರ ಶುರು ಮಾಡಿದ್ರಂತೂ ಯಾವತ್ತೂ ಇಲ್ಲ, ಯಾಕಂದ್ರೆ 28, 30 ಎರಡೂ ಸಮಸಂಖ್ಯೆ, ಬರೀ ಸಮಸಂಖ್ಯೆಯ ಹೆಜ್ಜೆ ಹಾಕ್ಕೊಂಡು ಹೋದ್ರೆ ಒಂದು ದಿನದ ಅಂತರ ಮುಚ್ಚೋದೇ ಇಲ್ಲ. ತಾಳ ಬೇರೆ ಇರೋ ಇಬ್ಬರು ಹಾಡಿದ ಹಾಗೆ ಅನ್ನೋಣ ಅಂದ್ರೆ ಅವರಾದ್ರೂ ಎಲ್ಲೋ ಒಂದು ಆವರ್ತದಲ್ಲಿ ಸೇರ್ತಾರೆ, ಇದು ರೈಲು ಹಳಿ ಥರ, ಪಕ್ಕಪಕ್ಕದಲ್ಲೇ ಇರತ್ತೆ, ಕೂಡಲ್ಲ.

ಈಗ ಆರು ಔಷಧಿ ಇರೋರ ಪಾಡು ಯೋಚಿಸಿ. ದೀರ್ಘಕಾಲದ ಕಾಯಿಲೆ ಇರೋರಲ್ಲಿ ಸರಾಸರಿ ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತಗೋತಾರೆ, ಅದೂ ಮುಂದುವರಿದ ದೇಶಗಳಲ್ಲಿ, ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಇದನ್ನ ಕೇಳಿದ ತಕ್ಷಣ "ಜನಕ್ಕೆ ಅಸಡ್ಡೆ" ಅಂದುಬಿಡ್ತಾರೆ, ನಂಗೆ ಅದೇ ಸಿಟ್ಟು. ಎಷ್ಟೋ ಸಲ ತಪ್ಪಿರೋದು ಮನುಷ್ಯ ಅಲ್ಲ, ಕ್ಯಾಲೆಂಡರು.

1990ರ ದಶಕದ ನಡುವಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಫಾರ್ಮಸಿಸ್ಟ್ ಜಾನ್ ಸಿಕೋರಾ ಇದಕ್ಕೊಂದು ದಾರಿ ಮಾಡಿದ್ರು. ಎಲ್ಲಾ ಔಷಧಿಗೂ ಒಂದೇ ತಾರೀಖು. 10ನೇ ತಾರೀಖು ಅಂತ ಇಟ್ಕೊಳ್ಳಿ. ಒಂದು ಮಾತ್ರೆ 1ಕ್ಕೇ ಮುಗಿದ್ರೆ ಆ ಒಂದು ಸಲಕ್ಕೆ ಪೂರ್ತಿ ಪ್ಯಾಕ್ ಬೇಡ, 2ರಿಂದ 9ರ ತನಕ ಸಾಕಾಗೋಷ್ಟು ಎಂಟೇ ಮಾತ್ರೆ, ಆಮೇಲಿಂದ ಎಲ್ಲಾ ಔಷಧಿಗೂ ಒಂದೇ ಲೆಕ್ಕದ ದಿನಗಳ ಸರಬರಾಜು. ತಾರೀಖಿಗೆ ಕೆಲವು ದಿನ ಮುಂಚೆ ಅಂಗಡಿಯಿಂದ ಫೋನು: ಡಾಕ್ಟ್ರು ಏನಾದ್ರೂ ಬದಲಾಯಿಸಿದ್ರಾ, ಆಸ್ಪತ್ರೆಗೆ ಸೇರಿದ್ರಾ, ಯಾವುದಾದ್ರೂ ಬಿಟ್ಟುಬಿಟ್ರಾ?

ಆ ಫೋನೇ ಇದರ ಜೀವ. ಬರೀ ತಾರೀಖು ಹೊಂದಿಸಿ ಕೈಬಿಟ್ರೆ, ಬೇಡದ ಮಾತ್ರೆಯೂ ಅಷ್ಟೇ ಶಿಸ್ತಾಗಿ ತಿಂಗಳು ತಿಂಗಳು ಬರ್ತಾ ಇರತ್ತೆ. ಒಂದೊಂದು ಡಬ್ಬಿ ಒಂದೊಂದು ವಾರ ಬಂದಾಗ ಯಾರಿಗೂ ಇಡೀ ಚಿತ್ರ ಕಾಣಲ್ಲ, ಎಲ್ಲಾ ಒಂದೇ ಟೇಬಲ್ ಮೇಲೆ ಬಂದ್ರೆ ಕಾಣತ್ತೆ. ಬಿಪಿಗೆ ಆಮ್ಲೋಡಿಪಿನ್ ಕೊಟ್ಟಿರ್ತಾರೆ, ಅದರಿಂದ ಕಾಲು ಊದಿಕೊಳ್ಳತ್ತೆ, ಊತ ನೋಡಿ ಇನ್ಯಾರೋ ಮೂತ್ರ ಹೆಚ್ಚಿಸೋ ಫ್ಯೂರೋಸೆಮೈಡ್ ಬರೀತಾರೆ, ಅದು ಪೊಟ್ಯಾಸಿಯಂ ಇಳಿಸತ್ತೆ, ಈಗ ಪೊಟ್ಯಾಸಿಯಂ ಮಾತ್ರೆ. ಮೂರರಲ್ಲಿ ಎರಡು ಮೊದಲನೇದರ ಬಾಲ! 1990ರ ದಶಕದಲ್ಲಿ ರೋಚನ್ ಮತ್ತು ಗರ್ವಿಟ್ಜ್ ಅನ್ನೋ ವೈದ್ಯ ಸಂಶೋಧಕರು ಇಂಥ ಸರಪಳಿಯನ್ನ ವಿವರಿಸಿ "ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್" ಅಂತ ಹೆಸರಿಟ್ರು. ಬಿಡಿಸೋದು ಡಾಕ್ಟರ ಕೆಲಸ, ಆದ್ರೆ ಗಂಟು ಎಲ್ಲಿದೆ ಅಂತ ತೋರಿಸೋಕೆ ಫಾರ್ಮಸಿಸ್ಟ್ ಸಾಕು. ಸುಲಭದ್ದೂ ಇರತ್ತೆ, ಥೈರಾಯ್ಡ್ ಮಾತ್ರೆ ಜೊತೆಗೇ ಕ್ಯಾಲ್ಸಿಯಂ ನುಂಗೋರಿಗೆ ನಾಲ್ಕು ಗಂಟೆ ಅಂತರ ಕೊಡಿ ಅಂದ್ರೆ ಆಯ್ತು, ಇಲ್ಲಾಂದ್ರೆ ಥೈರಾಯ್ಡ್ ಔಷಧಿ ಸರಿಯಾಗಿ ಹೀರಿಕೊಳ್ಳೋದೇ ಇಲ್ಲ.

ಎಲ್ಲವನ್ನೂ ಈ ತಾರೀಖಿಗೆ ಕಟ್ಟೋಕಾಗಲ್ಲ ನಿಜ. ನೋವು ಬಂದಾಗ ಮಾತ್ರ ತಗೊಳ್ಳೋ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ, ರಕ್ತಪರೀಕ್ಷೆ ನೋಡಿ ಡೋಸ್ ಬದಲಾಗೋ ವಾರ್ಫರಿನ್ ಇವು ಹೊರಗೇ ಉಳೀಬೇಕಾಗಬಹುದು. ಆದ್ರೆ ಫೋನಲ್ಲಿ ಅವನ್ನೂ ಕೇಳ್ಬೇಕು, ಕಾಲು ನೋವಿಗೆ ಅಂತ ಐಬುಪ್ರೊಫೆನ್ ನುಂಗ್ತಿದ್ರೆ ಜೊತೆಗಿರೋ ವಾರ್ಫರಿನ್‌ನಿಂದ ರಕ್ತಸ್ರಾವದ ಅಪಾಯ ಇನ್ನೂ ಏರತ್ತೆ, ಅದು ಯಾವ ಚೀಟಿಯಲ್ಲೂ ಬರೆದಿರಲ್ಲ.